ಮಲಗುವವರು ಯಾರು?

ನಾವು ಪಿಂಜಾರರ ಮನೆಯವರು. ಕೆಲವರು ನದಾಫ್ ಅನ್ನುತ್ತಾರೆ, ಕೆಲವರು ಪಿಂಜಾರ ಅನ್ನುತ್ತಾರೆ. ಹೆಸರು ಯಾವುದಾದರೂ ಕಸುಬು ಒಂದೇ. ಹತ್ತಿ ಹಿಂಜುವುದು, ಗಾದಿ ತುಂಬುವುದು. ಅಂಥ ಮನೆಯ ನಾವೇ 2022ರಲ್ಲಿ ದಾವಣಗೆರೆಯ ಅಂಗಡಿಯೊಂದಕ್ಕೆ ಹೋಗಿ ಮೂರು ಫೋಮ್ ಗಾದಿಗಳನ್ನು ಕೊಂಡು ತಂದೆವು. ಸ್ಪ್ರಿಂಗ್ ಇಲ್ಲ, ತೆಂಗಿನ ನಾರಿಲ್ಲ, ಮೇಲಿನಿಂದ ಕೆಳಗಿನವರೆಗೂ ಬರೀ ಫೋಮ್. ಟೆಂಪೊ ಮನೆಯ ಮುಂದೆ ನಿಂತಾಗ ಪಕ್ಕದ ಬೀದಿಯ ಚಾಚಾ ಎಲ್ಲಿ ನೋಡಿಬಿಡುತ್ತಾರೋ ಎಂಬ ಅಳುಕು. ಕದ್ದ ಮಾಲು ಇಳಿಸಿಕೊಂಡವರಂತೆ ಬೇಗಬೇಗ ಒಳಗೆಳೆದುಕೊಂಡೆವು.

ಕೊಳ್ಳಲು ಕಾರಣವಿತ್ತು. 2003ರಲ್ಲಿ ನಮ್ಮ ಮದುವೆಗೆಂದು ಅಬ್ಬಾ ತಾವೇ ಕೂತು ತುಂಬಿಕೊಟ್ಟಿದ್ದ ಹತ್ತಿಯ ಗಾದಿ ಅಷ್ಟು ಹೊತ್ತಿಗೆ ಗಂಟುಗಂಟಾಗಿತ್ತು. ಹದಿನೆಂಟು ಕೆಜಿಯ ಅದನ್ನು ಮಾಳಿಗೆಗೆ ಹೊತ್ತು ಬಿಸಿಲಿಗೆ ಹಾಕುವ ಶಕ್ತಿ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಬ್ಬಾ ತೀರಿಕೊಂಡು ವರ್ಷಗಳಾಗಿದ್ದವು. ಚಾಚಾ ಕಸುಬು ಬಿಟ್ಟಿದ್ದರು. ಇತ್ತ ನಮ್ಮ ಯಜಮಾನರು ಬಲಭುಜದ ನೋವಿನಿಂದ ರಾತ್ರಿಯೆಲ್ಲ ಹೊರಳಾಡುತ್ತಿದ್ದರು. ಪಿಂಜಾರರ ಮನೆಯಲ್ಲೇ ನೆಟ್ಟಗೆ ಮಲಗಲು ಒಂದು ಗಾದಿ ಇಲ್ಲದಂತಾಗಿತ್ತು.

ನಮ್ಮ ದಾದಾ ಹತ್ತಿ ಹಿಂಜುತ್ತಿದ್ದ ಬಿಲ್ಲನ್ನು ನಾವು ಚಿಕ್ಕವರಿದ್ದಾಗ ನೋಡಿದ್ದೇವೆ. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ. ಮರದ ಗುಂಡಿನಿಂದ ಮೀಟಿದರೆ ಠಂಯ್ ಠಂಯ್ ಎಂದು ಬೀದಿಯ ತುದಿಯವರೆಗೂ ಕೇಳುತ್ತಿತ್ತು. ಹಳೆಯ ಗಾದಿಯ ಕಲ್ಲಿನಂಥ ಹತ್ತಿ ನೋಡನೋಡುತ್ತಲೇ ಹೊಗೆಯಂತೆ ಅರಳಿ ಕೋಣೆ ತುಂಬುತ್ತಿತ್ತು. ಸುತ್ತಲ ಹಳ್ಳಿಗಳಿಂದ ಜನ ಬರುತ್ತಿದ್ದರು. ಬಂದವರಿಗೆ ದಾದಾ ಮೊದಲು ಕೇಳುತ್ತಿದ್ದುದು ಅಳತೆಯನ್ನಲ್ಲ, ದುಡ್ಡನ್ನಲ್ಲ.

"ಮಲಗೋರು ಯಾರವ್ವಾ?"

"ಮಗಳು ಬಾಣಂತನಕ್ಕೆ ಬರ್ತಾಳೆ ಸಾಬ್ರೇ."

ಅಂದರೆ ಒಂದು ತೂಕ, ಒಂದು ದಪ್ಪ. "ನಮ್ಮ ಮಾವನವರಿಗೆ, ಎದ್ದು ಓಡಾಡೋಕೆ ಆಗಲ್ಲ" ಅಂದರೆ ಇನ್ನೊಂದು. ಅಂಗಡಿ ಶೆಟ್ಟರ ಭಾರಕ್ಕೆ ಹತ್ತಿಯನ್ನು ಒತ್ತಿ ತುಂಬಿ ಹತ್ತಿರ ಹತ್ತಿರ ಹೊಲಿಗೆ, ಮಗುವಿಗೆ ತೆಳುವಾಗಿ ತುಂಬಿ ದೂರ ದೂರ ಹೊಲಿಗೆ. ಊರಿನಲ್ಲಿ ಯಾರು ಅಂಗಾತ ಮಲಗುತ್ತಾರೆ, ಯಾರು ಮಗ್ಗುಲಾಗುತ್ತಾರೆ, ಯಾರಿಗೆ ನಿದ್ದೆಯೇ ಬರುವುದಿಲ್ಲ ಎಂಬುದೆಲ್ಲ ದಾದಾಗೆ ಗೊತ್ತಿತ್ತು. ಆ ಮನೆಗಳ ಜಾತಿ, ಧರ್ಮ ಬೇರೆಯಾಗಿರಬಹುದು. ಅವರ ನಿದ್ದೆ ಮಾತ್ರ ನಮ್ಮ ಪಡಸಾಲೆಯಲ್ಲೇ ತಯಾರಾಗುತ್ತಿತ್ತು.

ಇದನ್ನು ಹೇಳಿ ಹಳೆಯದೇ ಚೆಂದ ಎನ್ನಲು ನಾವು ಹೊರಟಿಲ್ಲ. ಹೊಗೆಯಂತೆ ಅರಳುತ್ತಿದ್ದ ಆ ಹತ್ತಿಯೇ ದಾದಾನ ಎದೆಯೊಳಗೂ ಇಳಿಯಿತು. ಹತ್ತಿಯ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಬರುವ ಶ್ವಾಸಕೋಶದ ಕಾಯಿಲೆಗೆ ವೈದ್ಯರು ಬಿಸ್ಸಿನೋಸಿಸ್ ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ನಮಗೆ ತಿಳಿದದ್ದು ಎಷ್ಟೋ ಆಮೇಲೆ. ಆಗ ನಮಗೆ ಗೊತ್ತಿದ್ದದ್ದು 'ಪಿಂಜಾರರ ಕೆಮ್ಮು' ಮಾತ್ರ. ಊರಿಗೆಲ್ಲ ಗಾದಿ ತುಂಬಿದ ಮನುಷ್ಯ ಕೊನೆಯ ಎರಡು ವರ್ಷ ಯಾವ ಗಾದಿಯ ಮೇಲೂ ಮಲಗಲಾಗದೆ, ಗೋಡೆಗೆ ಲೋಡು ಇಟ್ಟುಕೊಂಡು ಕೂತೇ ರಾತ್ರಿ ಕಳೆದರು.

ಇನ್ನು ಅಂಗಡಿಯ ಕಥೆ. ಬುರ್ಖಾ ತೊಟ್ಟ ಇಬ್ಬರು ಹೆಂಗಸರು, ನಾವು ಮತ್ತು ಅಮ್ಮಿ, ಜೊತೆಗೆ ಯಜಮಾನರು. "ಮಲಗಿ ನೋಡಿ ಮೇಡಂ" ಎಂದ ಅಂಗಡಿಯ ಹುಡುಗ. ನಾಲ್ಕು ಜನ ಗಂಡಸರ ಎದುರಿಗೆ ಮಲಗುವುದು ಹೇಗೆ? ಮಾವಿನ ಹಣ್ಣು ಹಿಚುಕಿ ನೋಡುವಂತೆ ಅಂಗೈಯಿಂದ ಒತ್ತಿ ನೋಡಿದೆವು. ಒತ್ತಿದ ಗುರುತು ನಿಧಾನವಾಗಿ ಮಾಯವಾಯಿತು. ಅಷ್ಟಕ್ಕೇ ಮನಸೋತೆವು. ಮಲಗುವುದು ಅಂಗೈ ಅಲ್ಲ, ಇಡೀ ದೇಹ ಎಂಬುದು ಆಗ ಹೊಳೆಯಲಿಲ್ಲ. ಹುಡುಗ ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಇಂಚು? ಎಷ್ಟು ಬಜೆಟ್? ಮೂರು ತೆಗೆದುಕೊಂಡರೆ ರಿಯಾಯಿತಿ ಎಂದ. ನಾಲ್ಕು ಇಂಚು ಸಾಧಾರಣ ಫೋಮ್, ಅದರ ಮೇಲೆ ಎರಡು ಇಂಚು ಮೆಮೊರಿ ಫೋಮ್ ಇರುವ ಒಂದೇ ಬಗೆಯ ಮೂರು ಗಾದಿಗಳು ಮನೆಗೆ ಬಂದವು.

ಫೋಮ್ ಎಂದರೆ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಆಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ರಸಾಯನ. ಮೆಮೊರಿ ಫೋಮ್ 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಸೀಟುಗಳ ಸಲುವಾಗಿ ಹುಟ್ಟಿದ್ದು. ಮೈಬಿಸಿಗೆ ಮೆತ್ತಗಾಗಿ, ಮೈಯ ಆಕಾರಕ್ಕೆ ಬಗ್ಗಿ, ಎದ್ದ ಮೇಲೆ ಮೆಲ್ಲಗೆ ಮೊದಲಿನಂತಾಗುತ್ತದೆ. ಮೊದಲ ನಾಲ್ಕೈದು ದಿನ ಹೊಸ ಬಣ್ಣದಂಥ ವಾಸನೆ ಇತ್ತು. ಕಿಟಕಿ ತೆಗೆದಿಟ್ಟ ಮೇಲೆ ಹೋಯಿತು.

ಅದು ಯಜಮಾನರಿಗೆ ಒಗ್ಗಿತು. ಅವರು ಮಗ್ಗುಲಾಗಿ ಮಲಗುವವರು. ಹಾಗೆ ಮಲಗುವವರ ಭಾರವೆಲ್ಲ ಭುಜ ಮತ್ತು ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಗಂಟುಗಟ್ಟಿದ ಹತ್ತಿಯ ಮೇಲೆ ಭುಜ ಒಳಗೆ ಇಳಿಯಲಾರದೆ ನೋಯುತ್ತಿತ್ತು. ಫೋಮ್ ಅಷ್ಟು ಜಾಗ ಕೊಟ್ಟಿತು, ಬೆನ್ನುಮೂಳೆ ನೇರವಾಗಿ ನಿಂತಿತು. ತಿಂಗಳೊಳಗೆ ಅವರು ಬೆಳಗಿನವರೆಗೂ ಎಚ್ಚರವಿಲ್ಲದೆ ಮಲಗತೊಡಗಿದರು. ಇನ್ನೊಂದು ಉಪಕಾರವೂ ಆಯಿತು. ರೈಲ್ವೆ ನೌಕರಿಯವರಾದ ಅವರು ಪಾಳಿಗಾಗಿ ನಡುರಾತ್ರಿ ಎದ್ದು ಹೋದರೂ ಈ ಕಡೆ ನಮಗೆ ಅಲುಗಾಟವೇ ತಿಳಿಯುವುದಿಲ್ಲ. ಇಷ್ಟು ಕೊಟ್ಟ ವಸ್ತುವನ್ನು ಬೈಯುವುದು ನ್ಯಾಯವಲ್ಲ.

ಆದರೆ ಅದೇ ಗಾದಿಯ ಇನ್ನೊಂದು ಅರ್ಧದಲ್ಲಿ ನಾವಿದ್ದೆವು. ನಲವತ್ತು ದಾಟಿದ ಹೆಂಗಸರಿಗೆ ನಡುರಾತ್ರಿ ಮೈಯೆಲ್ಲ ಕೆಂಡವಾಗುವ ಕಷ್ಟ ಬೇರೆ ಯಾರಿಗೂ ಅರ್ಥವಾಗುವುದಿಲ್ಲ. ಅದರ ಮೇಲೆ ದಾವಣಗೆರೆಯ ಏಪ್ರಿಲ್. ಮೈ ಒಳಗೆ ಇಳಿದಷ್ಟೂ ಫೋಮ್ ಸುತ್ತುವರಿಯುತ್ತದೆ, ಗಾಳಿ ಆಡುವುದಿಲ್ಲ, ಬಿಸಿ ಅಲ್ಲೇ ನಿಲ್ಲುತ್ತದೆ. ಹಾಳಾಗದಿರಲಿ ಎಂದು ಮೇಲೆ ಹಾಕಿದ್ದ ಪ್ಲಾಸ್ಟಿಕ್ ಒಳಪದರದ ಹೊದಿಕೆ ಅದನ್ನು ಇನ್ನಷ್ಟು ಕಾಯಿಸಿತು. ಹೊದಿಕೆ ಕಿತ್ತು ದಪ್ಪ ಹತ್ತಿಯ ಜಮಖಾನ ಹಾಸಿದ ಮೇಲೆ ಸ್ವಲ್ಪ ತಾಳಿಕೆಯಾಯಿತು. ಸೆಕೆಯಾಗುವವರು, ಬೆವರುವವರು ಬರೀ ಫೋಮ್ ಕೊಳ್ಳುವ ಮುನ್ನ ಒಂದು ಬೇಸಿಗೆಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ಗಾದಿ ಮಗನದು. ಆಗ ಅವನಿಗೆ ಹದಿನೇಳು. ಮೊದಲಿನಿಂದಲೂ ಬೋರಲು ಮಲಗುವ ಹುಡುಗ. ಬೋರಲು ಮಲಗುವವರ ಹೊಟ್ಟೆ, ಸೊಂಟವೇ ಮೈಯಲ್ಲಿ ಭಾರದ ಭಾಗ. ಮೆತ್ತನೆಯ ಫೋಮ್‌ನಲ್ಲಿ ಅದು ಇಳಿದು ಬೆನ್ನು ತೊಟ್ಟಿಲಿನಂತೆ ಬಾಗುತ್ತದೆ. ಬೆಳಿಗ್ಗೆ ಎದ್ದರೆ ನಡು ಹಿಡಿದುಕೊಂಡೇ ಓಡಾಡುತ್ತಿದ್ದ. ನಾವು ಮೊಬೈಲನ್ನು ಬೈದೆವು. ನಮ್ಮ ತಮ್ಮ ಬಂದಾಗಲೆಲ್ಲ ಅದೇ ಗಾದಿಯಲ್ಲಿ ಮಲಗುತ್ತಿದ್ದ. ಅವನು ನೂರು ಕೆಜಿ ದಾಟಿದವನು. ಎರಡು ವರ್ಷದೊಳಗೆ ನಡುವೆ ಹಳ್ಳ ಬಿತ್ತು.

ಹಳ್ಳ ಏಕೆ ಬಿತ್ತೆಂದು ಹುಡುಕುವಾಗ ತಿಳಿದದ್ದು ಇದು. ಫೋಮ್‌ಗೆ 32, 40 ಎಂದು ಒಂದು ಸಂಖ್ಯೆ ಹೇಳುತ್ತಾರೆ. ಒಂದು ಘನಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಎಂಬ ಸಾಂದ್ರತೆಯ ಲೆಕ್ಕ ಅದು. ಹತ್ತಿಯಲ್ಲಾದರೆ ಅದೇ ಚೀಲಕ್ಕೆ ಹೆಚ್ಚು ತುಂಬಿದಷ್ಟೂ ಗಟ್ಟಿ. ಫೋಮ್‌ನಲ್ಲಿ ಹಾಗಲ್ಲ. ಸಾಂದ್ರತೆ ಮುಖ್ಯವಾಗಿ ಬಾಳಿಕೆಯ ಲೆಕ್ಕ, ಗಡಸುತನ ಬೇರೆಯೇ ಲೆಕ್ಕ. ಮೆತ್ತಗಿದ್ದೂ ಬಾಳುವ ಫೋಮ್ ಇದೆ, ಗಟ್ಟಿಯಾಗಿದ್ದೂ ಬೇಗ ಕುಸಿಯುವ ಫೋಮ್ ಇದೆ. ಭಾರದ ಮೈಯವರಿಗೆ ಹೆಚ್ಚು ಸಾಂದ್ರತೆಯ, ಹೆಚ್ಚು ದಪ್ಪದ ಗಾದಿ ಬೇಕು. ಸಣಕಲು ಮೈಯವರಿಗೆ ಅದೇ ಗಾದಿ ಹಲಗೆಯಂತೆ ಅನ್ನಿಸಬಹುದು. ನಮ್ಮದು 32ರದು. ಚೀಟಿಯಲ್ಲಿ ಬರೆದೇ ಇತ್ತು, ನಾವು ಓದಿರಲಿಲ್ಲ.

ಬೆನ್ನುನೋವಿಗೆ ಗಟ್ಟಿ ನೆಲವೇ ಮದ್ದು ಎಂದು ನಮ್ಮ ಹಿರಿಯರು ನಂಬಿದ್ದರು. ಅದೂ ಪೂರ್ತಿ ನಿಜವಲ್ಲ. ಸ್ಪೇನಿನ ವೈದ್ಯರು ಬಹುಕಾಲದ ಬೆನ್ನುನೋವಿದ್ದ 313 ಜನರನ್ನು ಎರಡು ಗುಂಪು ಮಾಡಿ 90 ದಿನ ನೋಡಿದರು. ತೀರಾ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಡಸಿನ ಹಾಸಿಗೆಯವರಿಗೆ ನೋವು ಹೆಚ್ಚು ಕಡಿಮೆಯಾಗಿತ್ತು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವಿದು. ಆದರೆ ಮಧ್ಯಮ ಎಂದರೆ ಯಾರಿಗೆ ಮಧ್ಯಮ? ತಮ್ಮನಿಗೆ ಮೆತ್ತಗಾದದ್ದು ನಮ್ಮಂಥವರಿಗೆ ಗಟ್ಟಿ.

ಮೂರನೆಯ ಗಾದಿ ಅಮ್ಮಿಯದು. ಇದನ್ನು ಬರೆಯಲು ಕಷ್ಟವಾಗುತ್ತದೆ.

ಅಮ್ಮಿಗೆ ಎಪ್ಪತ್ತೆರಡು. ಮಂಡಿ ನೋವು. ಜೀವಮಾನವಿಡೀ ಹತ್ತಿಯ ಗಾದಿಯ ಮೇಲೆ ಅಂಗಾತ ಮಲಗಿದವರು. ಹೊಸ ಗಾದಿ ಹೇಗಿದೆ ಎಂದು ಕೇಳಿದರೆ "ಚೆನ್ನಾಗಿದೆ ಬೇಟಿ, ಮೋಡದ ಮೇಲೆ ಮಲಗಿದ ಹಾಗಿದೆ" ಎನ್ನುತ್ತಿದ್ದರು. ಮಗಳು ದುಡ್ಡು ಹಾಕಿ ತಂದದ್ದು, ಚೆನ್ನಾಗಿಲ್ಲ ಎನ್ನುವುದು ಹೇಗೆ? ಮಗ್ಗುಲು ಬದಲಿಸಲು ಅವರು ಮಂಚದ ಸರಳು ಹಿಡಿದುಕೊಳ್ಳುತ್ತಿದ್ದುದನ್ನು ನಾವು ನೋಡಿದ್ದೆವು. ನೋಡಿಯೂ ಗಮನಿಸಿರಲಿಲ್ಲ. ಮೆತ್ತನೆಯ ಫೋಮ್‌ನಲ್ಲಿ ಇಳಿದ ಮೈಯನ್ನು ಮತ್ತೆ ಎತ್ತಿಕೊಳ್ಳಲು ಬಲ ಬೇಕು. ಎಳೆಯರಿಗೆ ಅದು ತಿಳಿಯುವುದೇ ಇಲ್ಲ, ಮುದುಕರಿಗೆ ಅದೊಂದು ಕೆಸರು. ಅಂಚಿನಲ್ಲಿ ಕೂತರೆ ಅಂಚು ಕುಸಿಯುತ್ತದೆ. ಅಂಚಿಗೆ ಬೇರೆ ಗಟ್ಟಿ ಪಟ್ಟಿ ಕೊಡದ ಬರೀ ಫೋಮ್ ಗಾದಿಗಳ ದೊಡ್ಡ ಕೊರತೆ ಇದು.

ಒಂದು ದಿನ ಫಜರ್ ನಮಾಜಿಗೆಂದು ಕತ್ತಲಲ್ಲಿ ಎದ್ದು ಅಂಚಿಗೆ ಕೂತ ಅಮ್ಮಿ ಹಾಗೆಯೇ ಜಾರಿ ಕೆಳಗೆ ಬಿದ್ದರು. ಎಡಗೈ ಊರಿಕೊಂಡದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯ ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: "ನನ್ನದೇ ತಪ್ಪು, ನಿದ್ದೆಗಣ್ಣಲ್ಲಿದ್ದೆ." ಆ ಮಾತು ನಮಗೆ ಬಯ್ಗುಳಕ್ಕಿಂತ ಹೆಚ್ಚು ಚುಚ್ಚಿತು.

ನೋಡಲು ಚಾಚಾ ಬಂದರು. ಎರಡು ವರ್ಷ ಅವರಿಂದ ಮುಚ್ಚಿಟ್ಟಿದ್ದ ಗಾದಿ ಕಣ್ಣೆದುರಿಗೇ ಇತ್ತು. ನಾವು ತಲೆ ತಗ್ಗಿಸಿ ನಿಂತೆವು. ಅವರು ಅದನ್ನು ಒತ್ತಿ ನೋಡಿದರು, ಅಂಚಿನ ಮೇಲೆ ಕೂತು ನೋಡಿದರು, ಚೀಟಿ ಓದಿದರು.

"ನಾನೂ ಈಗ ಇದರದ್ದೇ ಗವಸು ಹೊಲಿಯೋದು ಬೇಟಾ. ಹೊಟ್ಟೆಪಾಡು" ಎಂದರು. "ಫೋಮ್ ಮೇಲೆ ಏನು ಸಿಟ್ಟು? ನಿಮ್ಮ ದಾದಾ ಉಸಿರಿಗೆ ಒದ್ದಾಡಿದ್ದು ಕಂಡವನು ನಾನು. ನನ್ನ ಮಕ್ಕಳಿಗೆ ಬಿಲ್ಲು ಮುಟ್ಟೋಕೆ ಬಿಡಲಿಲ್ಲ. ಆದ್ರೆ ಇದು ಮಲಗೋರನ್ನ ನೋಡಿ ಮಾಡಿದ್ದಲ್ಲ. ಮಾಡಿಟ್ಟಿದ್ದಾರೆ, ನಾವು ನೋಡಿ ತರಬೇಕಿತ್ತು."

ನಂತರ ಅಮ್ಮಿಯ ಕಡೆ ತಿರುಗಿ ಕೇಳಿದರು: "ಭಾಬಿ, ನೀವು ಏಳೋದು ಯಾವ ಮಗ್ಗುಲಿಗೆ?"

ಅಮ್ಮಿ ಸುಮ್ಮನೆ ಅವರ ಮುಖ ನೋಡಿದರು. ಕಣ್ಣು ತುಂಬಿಕೊಂಡವು. ಆ ಮನೆಯಲ್ಲಿ ಎಷ್ಟೋ ವರ್ಷಗಳ ಮೇಲೆ ಯಾರೋ ಆ ಪ್ರಶ್ನೆ ಕೇಳಿದ್ದರು. "ಬಲಕ್ಕೆ" ಎಂದರು.

ವಾರದೊಳಗೆ ಚಾಚಾ ಅಮ್ಮಿಗೆ ಬೇರೆ ಗಾದಿ ಸಿದ್ಧಮಾಡಿದರು. ಕೆಳಗೆ ನಾಲ್ಕು ಇಂಚಿನ ರೀಬಾಂಡೆಡ್ ಫೋಮ್, ಅಂದರೆ ಫೋಮ್ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಗಟ್ಟಿ ಹಲಗೆ. ಅಂಚಿನಲ್ಲಿ ಕೂತರೂ ಅದು ಕುಸಿಯುವುದಿಲ್ಲ. ಮೇಲೆ ಐದು ಕೆಜಿಯ ತೆಳು ಹತ್ತಿಯ ಗಾದಿ, ಒಬ್ಬರೇ ಎತ್ತಿ ಬಿಸಿಲಿಗೆ ಹಾಕುವಷ್ಟು ಹಗುರ. ಹತ್ತಿ ಎಲ್ಲಿಯದೆಂದರೆ ಅಬ್ಬಾ ತುಂಬಿದ್ದ ನಮ್ಮ ಮದುವೆಯ ಗಾದಿಯದು. ಅಟ್ಟದಿಂದ ಇಳಿಸಿ, ಹರಿಹರದ ಪರಿಚಯದವರ ಯಂತ್ರದಲ್ಲಿ ಹಿಂಜಿಸಿ ತಂದರು. ಬಲಗಡೆಯ ಅಂಚನ್ನು ಮಾತ್ರ ಇನ್ನಷ್ಟು ಒತ್ತಾಗಿ ತುಂಬಿ ಎರಡು ಸಾಲು ಹೊಲಿಗೆ ಹಾಕಿದರು. ಕೂತರೆ ಪಾದ ಪೂರ್ತಿ ನೆಲಕ್ಕೆ ತಾಗಬೇಕೆಂದು ಮಂಚದ ಕಾಲು ಎರಡು ಇಂಚು ಕೊಯ್ಯಿಸಿದರು. ಮಗನಿಗೂ ಗಟ್ಟಿ ಗಾದಿ, ತೆಳು ದಿಂಬು ಬಂತು. ಯಜಮಾನರದು ಹಾಗೆಯೇ ಇದೆ.

ಈಗ ಪರಿಚಯದವರು ಫೋಮ್ ಗಾದಿ ಕೊಳ್ಳಬಹುದೇ ಎಂದು ಕೇಳುತ್ತಾರೆ. ಕೊಳ್ಳಿ, ಆದರೆ ಅಂಗೈಯಿಂದ ಒತ್ತಿ ಕೊಳ್ಳಬೇಡಿ ಎನ್ನುತ್ತೇವೆ. ನೂರು ರಾತ್ರಿ ಮಲಗಿ ನೋಡಿ, ಬೇಡವಾದರೆ ಮರಳಿಸಿ ಎನ್ನುವ ಕಂಪನಿಗಳಿವೆ. ನಾಚಿಕೆಯ ಹೆಂಗಸರಿಗೆ ಅದು ಒಳ್ಳೆಯ ದಾರಿ. ಮನೆಗೊಂದೇ ಬಗೆಯ ಗಾದಿ ಬೇಡ. ಮನೆಯಲ್ಲಿ ಮುದುಕರಿದ್ದರೆ ಚೆನ್ನಾಗಿದೆ ಎಂಬ ಅವರ ಮಾತನ್ನು ನಂಬಬೇಡಿ, ಅವರು ಏಳುವುದನ್ನು ನಿಂತು ನೋಡಿ.

ಮೊನ್ನೆ ಫಜರ್ ಹೊತ್ತಿಗೆ ಎಚ್ಚರವಾಯಿತು. ಪಕ್ಕದ ಕೋಣೆಯಲ್ಲಿ ಅಮ್ಮಿ ಬಲಕ್ಕೆ ಹೊರಳಿದರು, ಅಂಚಿಗೆ ಕೈಯೂರಿ ಕೂತರು, ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಎದ್ದು ನಿಂತರು. ನಾವು ಬಾಗಿಲ ಬಳಿಯೇ ನಿಂತಿದ್ದೆವು. ಕರೆಯುವ ಅಗತ್ಯ ಬೀಳಲಿಲ್ಲ.