ನಮ್ಮ ಮನೆಯೊಳಗೆ ಬಂದ ನಾಯಿಗಳು

ನಮ್ಮ ಮನೆಯ ಹೊಸ್ತಿಲನ್ನು ಇವತ್ತಿನವರೆಗೆ ಒಂದು ನಾಯಿಯೂ ದಾಟಿಲ್ಲ. ನಮಾಜ್ ಮಾಡುವ ಜಾಗ, ನಾಯಿ ಬಾಯಿ ಹಾಕಿದರೆ ಎಲ್ಲ ತೊಳೆಯಬೇಕು ಎಂದು ಅಮ್ಮಿ ಬಾಗಿಲಲ್ಲೇ ಓಡಿಸುತ್ತಾರೆ. ಆದರೆ ಟಿವಿಯೊಳಗಿನ ನಾಯಿಗಳಿಗೆ ಈ ಕಾನೂನಿಲ್ಲ. ‘777 ಚಾರ್ಲಿ’ ಬಂದ ದಿನ ಅಮ್ಮಿ ಒಲೆಯ ಮೇಲಿದ್ದ ಸಾಲನ್ ಮರೆತು ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು ಕೂತಿದ್ದರು. ಸಾಲನ್ ತಳ ಹಿಡಿದಿತ್ತು. ಯಾರೂ ಮಾತಾಡದೆ ತಿಂದೆವು.

ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿದ ಆ ಚಿತ್ರ 2022ರ ಜೂನ್ 10ರಂದು ಬಿಡುಗಡೆಯಾಯಿತು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಧರ್ಮ, ತಪ್ಪಿಸಿಕೊಂಡು ಬಂದ ಒಂದು ಲ್ಯಾಬ್ರಡಾರ್, ಅದಕ್ಕೆ ಕ್ಯಾನ್ಸರ್, ಅದಕ್ಕೆ ಹಿಮ ತೋರಿಸಲು ಬೈಕಿನಲ್ಲಿ ಹಿಮಾಲಯದವರೆಗೆ ಪ್ರಯಾಣ. ಕಥೆ ಇಷ್ಟೇ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನೋಡಿ ಅತ್ತರು, ರಾಜ್ಯ ಸರ್ಕಾರ ಜಿಎಸ್‌ಟಿಯಲ್ಲಿ ತನ್ನ ಪಾಲಿಗೆ ವಿನಾಯಿತಿ ಕೊಟ್ಟಿತು. ನಾವು ಕಾಮರ್ಸ್‌ನವರು ಲೆಕ್ಕ ಹಾಕದೆ ಬಿಡುವುದಿಲ್ಲ: ಆಗ ನೂರು ರೂಪಾಯಿ ಮೇಲ್ಪಟ್ಟ ಟಿಕೆಟ್ಟಿಗೆ 18% ತೆರಿಗೆ, ಅದರಲ್ಲಿ ರಾಜ್ಯದ್ದು ಅರ್ಧ. 118 ರೂಪಾಯಿ ಕೊಟ್ಟರೆ ಅದರಲ್ಲಿ 9 ರೂಪಾಯಿ. ಒಂದು ನಾಯಿ ಸರ್ಕಾರದ ಕೈಯಿಂದ ಅಷ್ಟು ಬಿಡಿಸಿದ್ದು ಸಣ್ಣ ಮಾತಲ್ಲ.

ಅಬ್ಬಾ ಮಾತ್ರ ಚಾರ್ಲಿಗೆ ಕರಗಲಿಲ್ಲ. ಅವರ ನಾಯಿ ಬೇರೆ: 1985ರ ಹಿಂದಿ ಚಿತ್ರ ‘ತೇರಿ ಮೆಹರ್ಬಾನಿಯಾ’ದ ಮೋತಿ. ಯಜಮಾನನನ್ನು ಕೊಂದವರನ್ನು ಹುಡುಕಿ ಹುಡುಕಿ ಸೇಡು ತೀರಿಸಿಕೊಳ್ಳುವ ನಾಯಿ. ಅಬ್ಬಾ ಚಿಕ್ಕವರಿದ್ದಾಗ ಬೀದಿಯವರೆಲ್ಲ ದುಡ್ಡು ಹಾಕಿ ವಿಸಿಆರ್ ಬಾಡಿಗೆಗೆ ತಂದು ನೋಡಿದ್ದಂತೆ. “ಹಮಾರಿ ಪಿಕ್ಚರ್” ಎಂದು ಈಗಲೂ ಹೇಳುತ್ತಾರೆ. ಅದನ್ನು ನಿರ್ದೇಶಿಸಿದವರು ನಮ್ಮ ‘ಗಂಧದ ಗುಡಿ’, ‘ಮಯೂರ’ಗಳ ವಿಜಯ್, ಅದಕ್ಕೂ ಮೊದಲೇ ಅವರು ಇದೇ ಕಥೆಯನ್ನು ಕನ್ನಡದಲ್ಲಿ ‘ತಾಳಿಯ ಭಾಗ್ಯ’ ಎಂದು ತೆಗೆದಿದ್ದರು ಎಂದು ನಾನು ಹೇಳಿದಾಗ ಅಬ್ಬಾ ನಂಬಲಿಲ್ಲ. ಕನ್ನಡದ ನಾಯಿ ಹಿಂದಿಗೆ ಹೋಗಿ ನಮ್ಮ ಉರ್ದು ಮನೆಗೆ ವಾಪಸ್ ಬಂದಿತ್ತು!

ಸಿನಿಮಾ ಹುಟ್ಟುವ ಮೊದಲೂ ಜನ ಇಂಥ ಕಥೆ ಇಟ್ಟುಕೊಂಡಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದ್ದು. ಗಂಗರ ಬೂತುಗ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕೆಂದು ಕೇಳಿದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿದ. ನಮ್ಮ ದಾದಿ ಹೇಳುವುದು ಇನ್ನೂ ಹಳೆಯದು. ಗುಹೆಯಲ್ಲಿ ಮಲಗಿದ ಅಸ್‌ಹಾಬೆ ಕಹಫ್‌ನವರ ಬಾಗಿಲಲ್ಲಿ ಮುಂಗಾಲು ಚಾಚಿ ಕೂತಿದ್ದ ನಾಯಿ, ಕುರ್‌ಆನಿನಲ್ಲೇ ಇರುವುದು. “ಒಳಗೆ ಬಿಡಬೇಡಿ, ಕಲ್ಲೂ ಹೊಡೆಯಬೇಡಿ” ಎನ್ನುವುದು ದಾದಿಯ ತೀರ್ಪು.

ಸಿನಿಮಾ ನಾಯಿ ಯಾಕೆ ಹಳತಾಗುವುದಿಲ್ಲ? 1943ರ ಲ್ಯಾಸಿ ಇರಲಿ, ಸತ್ತ ಯಜಮಾನನಿಗಾಗಿ 1935ರಲ್ಲಿ ತಾನು ಸಾಯುವವರೆಗೂ ಟೋಕಿಯೋದ ರೈಲು ನಿಲ್ದಾಣದಲ್ಲಿ ಕಾದ ಹಾಚಿಕೋ ಇರಲಿ, ಅದು ಒಬ್ಬನನ್ನು ಆರಿಸಿಕೊಳ್ಳುತ್ತದೆ, ಬಿಡುವುದಿಲ್ಲ. ಆ ಒಬ್ಬ ನಾವೇ ಎಂದುಕೊಂಡು ನೋಡುತ್ತೇವೆ. ಕಚ್ಚಿದರೂ ವಿಲನ್‌ನನ್ನೇ ಕಚ್ಚುತ್ತದೆ. ನಮ್ಮ ಬೀದಿಯ ನಾಯಿಗೆ ಆ ಸ್ಕ್ರಿಪ್ಟ್ ಸಿಕ್ಕಿಲ್ಲ. ಹೋದ ವರ್ಷ ಟ್ಯೂಷನ್‌ನಿಂದ ಬರುತ್ತಿದ್ದ ನನ್ನ ತಂಗಿಯ ಮೀನಖಂಡಕ್ಕೆ ಒಂದು ಬಾಯಿ ಹಾಕಿತು. ಕಚ್ಚಿದ ದಿನ, 3ನೇ ದಿನ, 7ನೇ ದಿನ, 28ನೇ ದಿನ ಇಂಜೆಕ್ಷನ್. ಚಾರ್ಲಿಗೆ ಅತ್ತವಳು ಈಗ ಬೊಗಳುವ ಸದ್ದಿಗೇ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಅವಳದು ತಪ್ಪು ಎಂದು ನನಗೆ ಅನಿಸುವುದಿಲ್ಲ.

ಆಮೇಲೆ ಬೀದಿಯವರೆಲ್ಲ ಸೇರಿ ಎಲ್ಲ ನಾಯಿಗಳನ್ನೂ ದೂರ ಬಿಟ್ಟುಬರಬೇಕು ಎಂದರು. ಅಬ್ಬಾ ಕೊಬ್ಬರಿ ಸುಲಿಯುವ ಶೆಡ್ಡಿನ ಕೆಂದು ನಾಯಿಯೂ ಆ ಪಟ್ಟಿಯಲ್ಲಿತ್ತು. ಅಟ್ಟದ ಮೇಲೆ ಕಾಯಿ ಹತ್ತು ಹನ್ನೊಂದು ತಿಂಗಳು ಒಣಗಬೇಕು, ಅಷ್ಟು ದಿನ ರಾತ್ರಿ ಕಾಯುವುದು ಅದೇ. ಸಂಬಳ, ಮಧ್ಯಾಹ್ನ ಅಬ್ಬಾ ಟಿಫನ್ ಡಬ್ಬಿಯಲ್ಲಿ ಉಳಿಸಿದ ಅನ್ನ. ಅಬ್ಬಾ ವಾದ ಮಾಡಲಿಲ್ಲ. ಹಗ್ಗ ಕಟ್ಟಿ, ಲಗೇಜ್ ಆಟೋ ಹತ್ತಿಸಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಹೋದೆ, ಹಗ್ಗ ಹಿಡಿಯಲು. ಅಲ್ಲಿ ಕಾರ್ಡು ಬರೆಯುವವರು ಮಾಲೀಕರ ಹೆಸರು ಕೇಳಿದರು. ಅಬ್ಬಾ ಒಂದು ನಿಮಿಷ ಸುಮ್ಮನಿದ್ದು ತಮ್ಮ ಹೆಸರು ಹೇಳಿದರು. ನಾಯಿಯ ಹೆಸರು? ನಾಲ್ಕು ವರ್ಷದಿಂದ ಅದಕ್ಕೆ ಹೆಸರೇ ಇರಲಿಲ್ಲ.

“ಮೋತಿ ಅಂತ ಬರ್ಕೊಳ್ಳಿ ಸಾರ್” ಎಂದರು.

ತಂಗಿ ಇನ್ನೂ ಶೆಡ್ಡಿನ ಕಡೆ ಹೋಗುವುದಿಲ್ಲ. ಮುಂದಿನ ವರ್ಷ ಮತ್ತೆ ಲಸಿಕೆ ಹಾಕಿಸಬೇಕಂತೆ. ಮೋತಿಯ ಕಾರ್ಡನ್ನು ಅಮ್ಮಿ ರೇಷನ್ ಕಾರ್ಡು, ಆಧಾರ್ ಕಾರ್ಡು ಇಡುವ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾರೆ.