ಪೊಟ್ಟಣದ ಊಟ



ಕಳೆದ ಶನಿವಾರ ರಾತ್ರಿ ನಾನು ಮಾಡಿದ ಅಡುಗೆಯ ವಿಷಯವನ್ನು ಇಂದು ಬರೆಯುತ್ತಿದ್ದೇನೆ. ನಗಬೇಡಿರಿ. ಮೂವತ್ತಾರು ವರ್ಷ ಸೀಮೆಸುಣ್ಣ ಹಿಡಿದ ಈ ಕೈ ಸೌಟು ಹಿಡಿದು ಈಗ ನಾಲ್ಕು ವರ್ಷಗಳಾಗುತ್ತ ಬಂದಿವೆ. ನನ್ನ ಮನೆಯಾಕೆ ೨೦೨೧ರಲ್ಲಿ ತೀರಿಕೊಂಡ ಮೇಲೆ ಬೆಂಗಳೂರಿನ ಮಗಳು ತನ್ನಲ್ಲಿಗೆ ಬಾ ಎಂದು ಎಷ್ಟೋ ಕರೆದಳು. ಶಿರಗುಪ್ಪಿಯ ಮನೆಯನ್ನೂ ಸಂಜೆಯ ಕಟ್ಟೆಯನ್ನೂ ಬಿಟ್ಟುಹೋಗುವ ಮನಸ್ಸಾಗಲಿಲ್ಲ. ಹೀಗಾಗಿ ಆಕೆ ಬಂದಾಗಲೊಮ್ಮೆ ಒಂದು ಚೀಲ ತುಂಬ ಪೊಟ್ಟಣಗಳನ್ನು ತಂದಿಟ್ಟು ಹೋಗುತ್ತಾಳೆ. ರವೆ ಇಡ್ಲಿಯ ಹಿಟ್ಟು, ಉಪ್ಪಿಟ್ಟಿನ ರವೆ, ಬಿಸಿ ಮಾಡಿ ತಿನ್ನುವ ಪಲ್ಲೆಗಳು. ಅವುಗಳಲ್ಲಿ ಬಹುಪಾಲು ಕಪಾಟಿನಲ್ಲಿಯೇ ಉಳಿಯುತ್ತಿದ್ದವು.

ಶನಿವಾರ ಸಂಜೆ ಮಳೆ ಹಿಡಿದಿತ್ತು. ಬಾಗಿಲಲ್ಲಿ ಬೈಕು ನಿಂತ ಸಪ್ಪಳವಾಯಿತು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಹೆಂಡತಿಯೊಡನೆ ತೊಯ್ದು ತೊಪ್ಪೆಯಾಗಿ ನಿಂತಿದ್ದಾನೆ. ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಈಗ ಚಿಕ್ಕೋಡಿಯ ಕಡೆ ಕಬ್ಬು ಬೆಳೆಸಿಕೊಂಡಿದ್ದಾನೆ. ಮೀರಜಿನ ಆಸ್ಪತ್ರೆಯಲ್ಲಿದ್ದ ಬೀಗರನ್ನು ನೋಡಿಕೊಂಡು ತಿರುಗಿ ಹೋಗುವಾಗ ಮಳೆ ಹೆಚ್ಚಾಯಿತಂತೆ. ಚಹಾ ಕುಡಿದು ಹೋಗುತ್ತೇವೆಂದರು. ಊಟ ಮಾಡದೆ ಕಳಿಸುವುದು ಹೇಗೆ? ಆ ತಾಯಿ ಅಡುಗೆಮನೆಗೆ ಬರಲು ಎದ್ದಳು. ಬೇಡವೆಂದು ಕೂಡಿಸಿದೆ. ಈ ಮನೆಯಲ್ಲಿ ಅತಿಥಿಗಳೇ ಅಡುಗೆ ಮಾಡಿಕೊಂಡು ಉಣ್ಣುವ ಪದ್ಧತಿ ಎಂದೂ ಇರಲಿಲ್ಲ.

ಕಡಕ್ ರೊಟ್ಟಿ ಮನೆಯಲ್ಲಿದ್ದವು. ನಮ್ಮ ಹಿಂದಿನ ಓಣಿಯಲ್ಲಿ ಅತ್ತೆ ಸೊಸೆಯರಿಬ್ಬರು ಜೋಳದ ರೊಟ್ಟಿ ಬಡಿದು ಒಣಗಿಸಿ ಮಾರುತ್ತಾರೆ. ತಿಂಗಳಿಗೊಮ್ಮೆ ಕಟ್ಟು ತಂದಿಡುತ್ತೇನೆ. ಜುಣಕ ನನಗೆ ಈಗ ಚೆನ್ನಾಗಿಯೇ ಬರುತ್ತದೆ. ಉಳ್ಳಾಗಡ್ಡಿ ಹುರಿದು, ಖಾರ ಹಾಕಿ, ಕಡಲೆ ಹಿಟ್ಟನ್ನು ಗಂಟಾಗದಂತೆ ತಿರುವಬೇಕು, ಅಷ್ಟೇ. ಅನ್ನಕ್ಕೆ ಇಟ್ಟೆ. ಇನ್ನು ಪಲ್ಲೆ? ಮಗಳು ತಂದಿಟ್ಟ ಪಾಲಕ್ ಪನೀರಿನ ಎರಡು ಪೊಟ್ಟಣಗಳನ್ನು ತೆಗೆದು ಕತ್ತರಿ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಹವಾಲ್ದಾರ ಬಾಗಿಲಲ್ಲಿ ಬಂದು, "ಗುರುಗಳ, ಒಡೀಬ್ಯಾಡ್ರಿ. ಹಂಗ ಕುದಿಯೂ ನೀರಾಗ ಬಿಡ್ರಿ, ಐದ ಮಿನಿಟ. ಸಿಯಾಚಿನ್ನದಾಗ ನಾವು ಬರಫ ಕರಗಿಸಿ ಆ ನೀರಾಗ ಹಿಂಗ ಕಾಸ್ತಿದ್ವಿ" ಎಂದ.

ಅಂದು ರಾತ್ರಿ ನಾನು ಶಿಷ್ಯನಾದೆ. ಸೈನ್ಯಕ್ಕೆ ಇಂಥ ಊಟವನ್ನು ರೂಪಿಸುವುದಕ್ಕೆಂದೇ ೧೯೬೧ರಲ್ಲಿ ನಮ್ಮ ಮೈಸೂರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಅಲ್ಲಿ ಬೆಳೆದ ವಿದ್ಯೆಯೇ ಮುಂದೆ ಖಾಸಗಿ ಕಂಪನಿಗಳಿಗೂ ದೊರೆತು ನಮ್ಮ ನಿಮ್ಮ ಕಪಾಟಿಗೆ ಬಂದಿದೆ. ಬೇಯಿಸಿದ ಪದಾರ್ಥವನ್ನು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಹಾಳೆಗಳನ್ನು ಪದರು ಪದರಾಗಿ ಅಂಟಿಸಿದ ಚೀಲಕ್ಕೆ ತುಂಬಿ, ಬಾಯಿ ಮುಚ್ಚಿ, ಒತ್ತಡದಲ್ಲಿ ಸುಮಾರು ೧೨೧ ಡಿಗ್ರಿಯವರೆಗೆ ಕಾಯಿಸುತ್ತಾರೆ. ನೂರು ಡಿಗ್ರಿಗೆ ಸಾಯದ ಸೂಕ್ಷ್ಮಜೀವಿಗಳ ಬೀಜಕಗಳೂ ಅಲ್ಲಿ ಸಾಯುತ್ತವೆ. ಹೊರಗಿನವು ಒಳಗೆ ಬರಲಾರವು. ಆದುದರಿಂದಲೇ ತಂಪು ಪೆಟ್ಟಿಗೆಯಿಲ್ಲದೆಯೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಪಾಶ್ಚರನ ಪಾಠವನ್ನು ನಿಮಗೆಲ್ಲ ಕಪ್ಪುಹಲಗೆಯ ಮೇಲೆ ಚಿತ್ರ ಬಿಡಿಸಿ ಕಲಿಸಿದವನು ನಾನು. ನೆಪೋಲಿಯನ್ನನ ಕಾಲದಲ್ಲಿಯೇ ಫ್ರಾನ್ಸಿನ ನಿಕೊಲಾ ಅಪೇರ್ ಎಂಬವನು ಆಹಾರವನ್ನು ಗಾಜಿನ ಶೀಶೆಯಲ್ಲಿ ಮುಚ್ಚಿ ಕುದಿಸಿ ಕೆಡದಂತೆ ಇಡುವುದನ್ನು ಸಾಧಿಸಿ, ೧೮೧೦ರಲ್ಲಿ ೧೨,೦೦೦ ಫ್ರಾಂಕ್ ಬಹುಮಾನ ಪಡೆದನೆಂದು ಹೇಳಿದ ನೆನಪೂ ಇದೆ. ಆದರೂ ಮನೆಗೆ ಬಂದ ಪೊಟ್ಟಣದಲ್ಲಿ ಏನೋ ವಿಷವಿದೆಯೆಂಬ ಭಾವನೆ ನನ್ನನ್ನು ಬಿಟ್ಟಿರಲಿಲ್ಲ. ಉಪ್ಪು ಹೆಚ್ಚಿರುತ್ತದೆ, ನಿಜ. ರಕ್ತದೊತ್ತಡವಿರುವ ನಾನು ಈಗ ಪೊಟ್ಟಣದ ಹಿಂಬದಿಯ ಸೋಡಿಯಂ ಲೆಕ್ಕವನ್ನು ಭೂತಗನ್ನಡಿ ಹಿಡಿದು ಓದುತ್ತೇನೆ. ನಿತ್ಯ ಉಣ್ಣುವಂಥದಲ್ಲ. ಮಳೆಯ ರಾತ್ರಿಗೆ ಅಡ್ಡಿಯಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಶಾಲೆಯಲ್ಲಿ ಕೊಡುತ್ತಿದ್ದ 'ಕೇರ್' ಉಪ್ಪಿಟ್ಟು ನೆನಪಿರಬೇಕು. ಅಮೇರಿಕದಿಂದ ಚೀಲಗಳಲ್ಲಿ ಬಂದ ಗೋಧಿಯ ನುಚ್ಚು ಅದು. ಮೊದಲೇ ಬೇಯಿಸಿ ಒಣಗಿಸಿ ಒಡೆದದ್ದು. ಅದನ್ನು ನಾವೆಲ್ಲ ತಟ್ಟೆ ಬಳಿದು ತಿಂದೆವು. ಅದೂ ಒಂದು ಸಿದ್ಧ ಆಹಾರವೇ ಆಗಿತ್ತೆಂದು ಆಗ ನನಗೆ ಹೊಳೆದಿರಲಿಲ್ಲ.

ಊಟಕ್ಕೆ ಕುಳಿತೆವು. ರೊಟ್ಟಿ ಮುರಿಯುತ್ತ ಹವಾಲ್ದಾರ, "ಇದರ ಮುಂದ ಯಾವ ಪಾಕೀಟನೂ ಇಲ್ಲ ಬಿಡ್ರಿ ಗುರುಗಳ" ಎಂದ. ರಜೆ ಮುಗಿಸಿ ಹೋಗುವಾಗ ಅವನ ತಾಯಿ ನೂರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದಳಂತೆ. ಮಾತು ೨೦೧೯ರ ಮಹಾಪೂರಕ್ಕೆ ಹೊರಳಿತು. ಆ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದಡದ ಊರುಗಳ ಜನ ಗಂಜಿ ಕೇಂದ್ರ ಸೇರಿದಾಗ ಬಯಲುಸೀಮೆಯ ಕಡೆಯಿಂದ ಚೀಲಗಟ್ಟಲೆ ಬಂದದ್ದು ಇದೇ ಕಡಕ್ ರೊಟ್ಟಿ. ಒಲೆಯಿಲ್ಲ, ಕಟ್ಟಿಗೆಯಿಲ್ಲ, ಒಂದು ರೊಟ್ಟಿಯ ಮೇಲೆ ಚಟ್ನಿಯಿಟ್ಟರೆ ಊಟವಾಯಿತು. ನೀರಿನಂಶವಿಲ್ಲದ ಕಡೆ ಸೂಕ್ಷ್ಮಜೀವಿ ಬೆಳೆಯದು. ಇದನ್ನು ನಮ್ಮ ಅಜ್ಜಿಯಂದಿರು ಯಾವ ಪ್ರಯೋಗಾಲಯವನ್ನೂ ಕೇಳದೆ ತಿಳಿದಿದ್ದರು.

ಅಜ್ಜಿಯಂದಿರೆಂದು ಬರೆದೆ. ನಿಜವಾಗಿ ನನ್ನ ಮನಸ್ಸಿನಲ್ಲಿದ್ದವಳು ನನ್ನ ಹೆಂಡತಿ. ಚೈತ್ರ ವೈಶಾಖದ ಬಿಸಿಲು ಬಂತೆಂದರೆ ಆಕೆ ಮಾಳಿಗೆಯ ಮೇಲೆ ಇರುತ್ತಿದ್ದಳು. ಶ್ಯಾವಿಗೆ, ಹಪ್ಪಳ, ಸಂಡಿಗೆ, ಕುರಡಗಿ. ಆ ಬಳಿಕ ವರ್ಷದ ಖಾರ: ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ, ಸಂಕೇಶ್ವರದ್ದು ರುಚಿಗೆ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಕೊಬ್ಬರಿ, ಎಳ್ಳು, ಕೊತ್ತಂಬರಿ ಬೀಜ ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿದು, ತಲೆಗೆ ಸೆರಗು ಸುತ್ತಿಕೊಂಡು ಕುಟ್ಟಿಸಿ ತರುತ್ತಿದ್ದಳು. ಮೂರು ದಿನ ಅಂಗೈ ಉರಿಯುತ್ತದೆಂದು ಹೇಳುತ್ತಿದ್ದಳು. ನಾನು ಪತ್ರಿಕೆ ಓದುತ್ತಿದ್ದೆ. ಮಳೆಗಾಲದಲ್ಲಿ ನಡುರಾತ್ರಿ ನೆಂಟರು ಬಂದರೂ ಅರ್ಧ ಗಂಟೆಯಲ್ಲಿ ಎಲೆ ಬೀಳುತ್ತಿತ್ತು. "ನಮ್ಮ ಮನ್ಯಾಗ ಅಡಗಿ ಲಗು ಆಗ್ತದ" ಎಂದು ಹೊರಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ನಲವತ್ತು ವರ್ಷ ನಾನು ಉಂಡದ್ದೂ ಸಿದ್ಧ ಆಹಾರವನ್ನೇ. ಅದನ್ನು ಸಿದ್ಧಪಡಿಸುವ ಕಾರ್ಖಾನೆ ಮಾತ್ರ ಮಾಳಿಗೆಯ ಮೇಲಿತ್ತು.

೧೯೮೭ರ ದೀಪಾವಳಿಯ ಮುಂಚೆ ನಡೆದದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನೆರೆಮನೆಯಲ್ಲಿ ಪೊಟ್ಟಣದ ಹಿಟ್ಟಿನಿಂದ ಗುಲಾಬ್ ಜಾಮೂನು ಮಾಡಿದ್ದನ್ನು ಆಕೆ ನೋಡಿ ಬಂದಿದ್ದಳು. ನಾನು ಬಟ್ಟೆ ತರಲು ಮೀರಜಿಗೆ ಹೊರಟಾಗ, "ಒಂದ ಪಾಕೀಟ ತಂದ ನೋಡೂಣೇನ್ರಿ?" ಎಂದು ಮೆಲ್ಲಗೆ ಕೇಳಿದಳು. ನಾನು, "ಅಂಗಡ್ಯಾಗಿನ ಹಿಟ್ಟ ಕಲಸಿ ಹಬ್ಬ ಮಾಡೂದೇನ? ಕೈಯಾಗ ಸಕ್ತಿ ಇಲ್ಲೇನ ನಿನಗ?" ಎಂದೆ. ಮಕ್ಕಳ ಎದುರಿಗೇ ಎಂದೆ. ಆಕೆ ಉತ್ತರ ಕೊಡಲಿಲ್ಲ. ಮರುದಿನ ಐದು ಲೀಟರ್ ಎಮ್ಮೆಯ ಹಾಲು ಕೊಂಡು ಮಧ್ಯಾಹ್ನವೆಲ್ಲ ಒಲೆಯ ಮುಂದೆ ಕುಳಿತು ತಿರುವಿ ತಿರುವಿ ಖವಾ ಮಾಡಿದಳು. ಜಾಮೂನು ಬಹಳ ಚೆನ್ನಾಗಿದ್ದವು. ನಾವು ಹತ್ತು ನಿಮಿಷದಲ್ಲಿ ತಿಂದೆವು. ಪೊಟ್ಟಣದ ಮಾತನ್ನು ಆಕೆ ಮತ್ತೆಂದೂ ಎತ್ತಲಿಲ್ಲ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನವರು ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೫ರ ಸುಮಾರಿಗೆ, ತಿಂಡಿಗಳ ಬೆಲೆಯ ಮೇಲೆ ಬಂದ ಸರ್ಕಾರಿ ನಿರ್ಬಂಧದಿಂದ ನಷ್ಟಕ್ಕೊಳಗಾಗಿ ಹೋಟೆಲು ಮುಚ್ಚಿದಾಗ, ತಮ್ಮ ಅಡುಗೆಯವರಿಗೆ ಕೆಲಸ ಉಳಿಸಲೆಂದು ರವೆ ಇಡ್ಲಿಯ ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರಲು ತೊಡಗಿದರಂತೆ. ಅವರ ಹಿಟ್ಟು ಅಷ್ಟು ಮನೆಗಳಿಗೆ ಹೋದದ್ದು ಏಕೆಂದು ಈಗ ಅರ್ಥವಾಗುತ್ತದೆ. ಕೊಂಡ ಹೆಣ್ಣುಮಕ್ಕಳು ಸೋಮಾರಿಗಳಾಗಿರಲಿಲ್ಲ. ಒಂದು ಮಧ್ಯಾಹ್ನ ಬಿಡುವು ಬೇಕಾಗಿತ್ತು, ಅಷ್ಟೇ.

ಕಳೆದ ದೀಪಾವಳಿಗೆ ನಾನೇ ಮೀರಜಿನಿಂದ ಜಾಮೂನಿನ ಹಿಟ್ಟಿನ ಒಂದು ಪೊಟ್ಟಣ ತಂದಿದ್ದೆ. ತಂದು, ಒಡೆಯುವ ಧೈರ್ಯವಾಗದೆ, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೆ. ಶನಿವಾರ ರಾತ್ರಿ ಅನ್ನಕ್ಕೆ ಇಟ್ಟ ಮೇಲೆ ಅದನ್ನು ತೆಗೆದೆ. ಅವಧಿ ಮುಗಿಯಲು ಇನ್ನೂ ಒಂದು ತಿಂಗಳಿತ್ತು. ಹಿಟ್ಟು ಕಲಸಿ, ಉಂಡೆ ಕಟ್ಟಿ, ಕರಿದು, ಪಾಕಕ್ಕೆ ಬಿಡುವವರೆಗೆ ಗಡಿಯಾರ ನೋಡಿದೆ: ಮೂವತ್ತೈದು ನಿಮಿಷ.

ಹವಾಲ್ದಾರನ ಹೆಂಡತಿ ಒಂದು ಬಾಯಿಗಿಟ್ಟು, "ಅವ್ವಾರು ಮಾಡಿದ್ದ ಹಿಂಗ ಇರ್ತಿದ್ದೂವೇನ್ರಿ?" ಎಂದು ಕೇಳಿದಳು. ಇಲ್ಲಮ್ಮ ಎಂದೆ. ಇನ್ನೊಂದು ಹಾಕಲೇ ಎಂದು ಕೇಳಿದೆ. ಹಾಕ್ರಿ ಎಂದಳು.

ಮಾಡುವವರಿಗೆ ಒಂದು ಸೂಚನೆ. ಪೊಟ್ಟಣದ ಮೇಲೆ ನಲವತ್ತು ಆಗುತ್ತವೆಂದು ಬರೆದಿತ್ತು. ನನಗೆ ಬಂದದ್ದು ಇಪ್ಪತ್ತಾರು. ಉಂಡೆ ದೊಡ್ಡದಾದವು. ಹಿಟ್ಟನ್ನು ಚಪಾತಿಯ ಹಿಟ್ಟಿನಂತೆ ಒತ್ತಿ ನಾದಬೇಡಿರಿ. ನಾನು ನಾದಿದೆ. ಆದುದರಿಂದ ನಡುವೆ ತುಸು ಗಟ್ಟಿಯಾಗಿದ್ದವು.