ಪುರುಸೊತ್ತಿಲ್ಲದವರ ದೀನತೆ

ಚರ್ಚಿನ ಕೆಲಸಕ್ಕೆ ಹೆಗಲು ಕೊಟ್ಟ ಗೃಹಸ್ಥರೊಬ್ಬರ ಭಾನುವಾರ ಹೇಗಿರುತ್ತದೆ ನೋಡಿ. ಬೆಳಗಿನ ಬಲಿಪೂಜೆ, ಅದು ಮುಗಿಯುತ್ತಲೇ ಮಕ್ಕಳ ಧರ್ಮೋಪದೇಶ, ಗಾಯನವೃಂದದ ಅಭ್ಯಾಸ, ಪಾಲನಾ ಮಂಡಳಿಯ ಸಭೆ. ಹಬ್ಬ ಹತ್ತಿರ ಬಂತೆಂದರೆ ರಸೀದಿ ಪುಸ್ತಕ ಹಿಡಿದು ಮನೆಮನೆ ಸುತ್ತಾಟ. ದೇವರ ಕೆಲಸಕ್ಕೆ ಇಷ್ಟೆಲ್ಲ ಓಡಾಡುವವರಿಗೆ ದೇವರ ಮುಂದೆ ಐದು ನಿಮಿಷ ಸುಮ್ಮನೆ ಕೂರಲು ಪುರುಸೊತ್ತಿಲ್ಲ. ತಪ್ಪನ್ನು ಗಡಿಯಾರದ ಮೇಲೆ ಹಾಕಿ ಬಿಡುತ್ತೇವೆ. ಆದರೆ ‘ಪುರುಸೊತ್ತೇ ಇಲ್ಲ’ ಎನ್ನುವ ದನಿಯಲ್ಲಿ ದೂರಿನ ಜೊತೆಗೆ ಒಂದಿಷ್ಟು ಹೆಮ್ಮೆಯೂ ಕೇಳಿಸುವುದಿಲ್ಲವೇ? ನಾನಿಲ್ಲದಿದ್ದರೆ ಏನೂ ನಡೆಯದು ಎಂಬ ಈ ನಂಬಿಕೆ ಸೇವೆಯ ಬಟ್ಟೆ ತೊಟ್ಟಿರುವುದರಿಂದ ಯಾರೂ ಅದನ್ನು ಗರ್ವವೆಂದು ಗುರುತಿಸುವುದಿಲ್ಲ. ಸಂತ ಲೂಕರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಬರುವ ಫರಿಸಾಯ ಸೋಮಾರಿಯೇನಲ್ಲ. ವಾರಕ್ಕೆ ಎರಡು ಉಪವಾಸ, ಗಳಿಕೆಯಲ್ಲೆಲ್ಲ ದಶಾಂಶ. ಅಂಥವನು ಸಿಕ್ಕರೆ ಯಾವ ಧರ್ಮಕೇಂದ್ರವೂ ಅವನನ್ನು ಖಜಾಂಚಿ ಮಾಡದೆ ಬಿಡದು! ಅವನ ಪ್ರಾರ್ಥನೆಯಲ್ಲಿ ಮಾತ್ರ ಬೇಡಿಕೆಯೇ ಇಲ್ಲ, ಇರುವುದೆಲ್ಲ ಕಾರ್ಯದರ್ಶಿಯ ವಾರ್ಷಿಕ ವರದಿ.

ಕೆಲಸದ ನಡುವೆಯೇ ದೀನತೆ ಕಲಿಸುವ ಉಪಾಯ ಧರ್ಮಸಭೆಗೆ ಹೊಸದೇನಲ್ಲ. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ಮಠದ ನಿಯಮಾವಳಿಯಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲುಗಳಿವೆ. ಆ ಅಧ್ಯಾಯವೇ ಹೆಚ್ಚು ಪ್ರಸಿದ್ಧ. ನನಗೆ ಅದಕ್ಕಿಂತ ತೀಕ್ಷ್ಣವಾಗಿ ಕಾಣುವುದು 43ನೆಯ ಅಧ್ಯಾಯದ ಸಣ್ಣ ಅಪ್ಪಣೆ: ಪ್ರಾರ್ಥನೆಯ ಕರೆ ಕೇಳಿದ ಕೂಡಲೇ ಕೈಯಲ್ಲಿ ಏನೇ ಇರಲಿ, ಬಿಟ್ಟು ಹೊರಡಬೇಕು. ಮುಗಿಸಿ ಬರುತ್ತೇನೆ ಎನ್ನುವಂತಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸ ಅಲ್ಲೇ ಬಿದ್ದಿರುತ್ತದೆ, ಲೋಕ ಮುಳುಗುವುದಿಲ್ಲ. ಅದನ್ನು ಕಣ್ಣಾರೆ ಕಾಣುವುದೇ ಪಾಠ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚರ್ಚಿನಲ್ಲಿ ಬಾರಿಸುವ ದೇವದೂತನ ಪ್ರಾರ್ಥನೆಯ ಗಂಟೆ ಗೃಹಸ್ಥರಿಗೂ ಇದನ್ನೇ ಹೇಳುತ್ತದೆ. ಸ್ಪೇನಿನ ಅಲ್ಫೋನ್ಸಸ್ ರೊಡ್ರಿಗಸ್ ಹೆಂಡತಿ ಮಕ್ಕಳನ್ನು ಕಳೆದುಕೊಂಡು, ಬಟ್ಟೆ ವ್ಯಾಪಾರ ಬಿಟ್ಟು, ನಡುವಯಸ್ಸಿನಲ್ಲಿ ಯೇಸುಸಭೆಯ ಸಹೋದರನಾದವರು. ಮಜೋರ್ಕಾ ದ್ವೀಪದ ಪಾಲ್ಮಾದ ಕಾಲೇಜಿನಲ್ಲಿ ದಶಕಗಳ ಕಾಲ ಅವರದು ಬಾಗಿಲು ಕಾಯುವ ಕೆಲಸ. ಕದ ತಟ್ಟಿದ ಸದ್ದಾದಾಗಲೆಲ್ಲ ‘ಬಂದೆ ಪ್ರಭುವೇ’ ಎನ್ನುತ್ತಾ ಏಳುತ್ತಿದ್ದರಂತೆ. ಭಿಕ್ಷುಕ, ವಿದ್ಯಾರ್ಥಿ, ಅಂಚೆಯವ, ಯಾರು ಬಂದರೂ ಅದೇ ಉತ್ತರ. ಜಪ ಮಾಡುವಾಗಲೂ ಏಳಬೇಕು, ಸುಸ್ತಾಗಿ ಕೂತಾಗಲೂ ಏಳಬೇಕು. ದಿನದ ಒಂದು ಗಳಿಗೆಯೂ ತನ್ನ ಕೈಯಲ್ಲಿಲ್ಲ. ಈ ದ್ವಾರಪಾಲಕರನ್ನೂ, ಅಲ್ಲೇ ಓದುತ್ತಾ ಅವರ ಮಾತಿನಿಂದ ದಕ್ಷಿಣ ಅಮೆರಿಕಕ್ಕೆ ಹೋಗಿ ಗುಲಾಮರ ಸೇವೆಗೆ ನಿಂತ ಪೀಟರ್ ಕ್ಲೇವರರನ್ನೂ ಪೋಪ್ 13ನೆಯ ಲಿಯೋ 1888ರಲ್ಲಿ ಒಂದೇ ದಿನ ಸಂತರೆಂದು ಸಾರಿದರು.

ಮಠದವರಿಗೆ ಸರಿ, ಒಲೆಯ ಮೇಲೆ ಹಾಲಿಟ್ಟವರು, ವಾರ್ಡಿನಲ್ಲಿರುವ ನರ್ಸ್, ಬಸ್ಸು ಓಡಿಸುವವರು ಗಂಟೆ ಕೇಳಿ ಕೈಬಿಟ್ಟು ನಿಂತರೆ ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 1633ರಲ್ಲಿ ಸೇವಾ ಕನ್ಯೆಯರ ಸಂಘ ಕಟ್ಟಿದ ಸಂತ ವಿನ್ಸೆಂಟ್ ದೆ ಪೌಲರು ಇದಕ್ಕೆ ತಿರುಗುಮುರುಗಾದ ಅಪ್ಪಣೆ ಕೊಟ್ಟಿದ್ದರು: ಪ್ರಾರ್ಥನೆಯ ಹೊತ್ತಿನಲ್ಲಿ ಬಡವನಿಗೆ ಔಷಧಿ ಬೇಕಾದರೆ ಪ್ರಾರ್ಥನೆ ಬಿಟ್ಟೇಳಿ, ಅದು ದೇವರಿಗಾಗಿ ದೇವರನ್ನು ಬಿಟ್ಟಂತೆ. ಬೆನೆಡಿಕ್ಟರಿಗೂ ಇವರಿಗೂ ಜಗಳವಿಲ್ಲ. ನನ್ನ ದಿನಚರಿಗಿಂತ ಇನ್ನೊಬ್ಬರ ಕರೆ ದೊಡ್ಡದು ಎಂದು ಇಬ್ಬರೂ ಒಪ್ಪಿಸುತ್ತಿದ್ದಾರೆ.

ಇನ್ನು ‘ನನಗೆ ಕೆಲಸವೇ ಪ್ರಾರ್ಥನೆ’ ಎನ್ನುವವರು. ಇವರು ಬಹಳ ಸಲ ಪ್ಯಾರಿಸಿನ ಕಾರ್ಮೆಲ್ ಮಠದ ಸಹೋದರ ಲಾರೆನ್ಸರನ್ನು ಸಾಕ್ಷಿಗೆ ಕರೆಯುತ್ತಾರೆ. ಅಡುಗೆಮನೆಯ ಗದ್ದಲದಲ್ಲೂ ದೇವರ ಸನ್ನಿಧಿ ಕಂಡವರು ಅವರು, ನಿಜ. ಆದರೆ ಅಡುಗೆಮನೆಯ ಕೆಲಸವೆಂದರೆ ಅವರಿಗೆ ಸ್ವಭಾವತಃ ಆಗದು; ಮಠ ಒಪ್ಪಿಸಿತು, ಮಾಡಿದರು. ಮೈಕು ಇರುವ ಕೆಲಸವನ್ನು ತಾವಿಟ್ಟುಕೊಂಡು ಪಾತ್ರೆಗಳನ್ನು ಇತರರಿಗೆ ಬಿಡುವವರಿಗೆ ಲಾರೆನ್ಸರ ಸಾಕ್ಷಿ ಸಿಗಲಾರದು. ಹಾಗೆಂದು ಎಲ್ಲ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂರುವುದೂ ದೀನತೆಯಾಗದು. ಅವಿಲಾದ ತೆರೇಸರಿಗೆ ದೀನತೆಯೆಂದರೆ ಸತ್ಯದಲ್ಲಿ ನಡೆಯುವುದು. ಹಾಡಲು ಬಲ್ಲವರು ನನಗೆ ಬಾರದು ಎನ್ನುವುದು ಸುಳ್ಳು.

ಮುಂದಿನ ಹಬ್ಬದ ವಂದನಾರ್ಪಣೆಯಲ್ಲಿ ನಿಮ್ಮ ಹೆಸರು ಬಿಟ್ಟುಹೋದರೆ, ಆ ನೋವು ಎಷ್ಟು ದಿನ ಇರುತ್ತದೆಂದು ಲೆಕ್ಕವಿಡಿ. ಆಮೇಲೂ ಕುರ್ಚಿ ಮಡಚಲು ಹೋಗಿ.